ಭೂಕಂಪ ತಾಳುವ ತಡೆಗೋಡೆ, ಸಿಮೆಂಟಿನ ನ್ಯಾನೋ ರಚನೆ, ಸೆಪ್ಸಿಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಮೂರನ್ನೂ ಒಂದೇ ಕಡೆ ಯಾಕೆ ಇಟ್ಟಿದ್ದೀರಿ? ಒಂದಕ್ಕೊಂದು ಸಂಬಂಧ ಇದೆಯಾ?

ಮೇಲ್ನೋಟಕ್ಕೆ ಇಲ್ಲ. ಒಂದು ಸಿವಿಲ್ ಎಂಜಿನಿಯರ್‌ಗಳ ಕೆಲಸ, ಒಂದು ರಸಾಯನಶಾಸ್ತ್ರದವರದ್ದು, ಇನ್ನೊಂದು ಡಾಕ್ಟರುಗಳದ್ದು. ಆದರೆ ಮೂರನ್ನೂ ಓದುತ್ತಾ ಹೋದಾಗ ನನಗೆ ಒಂದು ವಿಷಯ ಮತ್ತೆ ಮತ್ತೆ ಕಂಡಿತು. ಮೂರರಲ್ಲೂ ನಾವು ಬೈಯುವುದು ಒಬ್ಬರನ್ನು, ಕೆಲಸ ಕೆಡಿಸಿದ್ದು ಇನ್ನೊಬ್ಬರು. ಗೋಡೆ ಬಿದ್ದರೆ ಭೂಕಂಪವನ್ನು ಬೈಯುತ್ತೇವೆ, ಎಷ್ಟೋ ಸಲ ಅರ್ಧ ಕೆಲಸ ಮುಗಿಸಿದ್ದು ಗೋಡೆಯ ಹಿಂದೆ ನಿಂತ ನೀರು. ಕಾಂಕ್ರೀಟು ಬಿರುಕು ಬಿಟ್ಟರೆ ಸಿಮೆಂಟೇ ಸರಿಯಿಲ್ಲ ಅನ್ನುತ್ತೇವೆ, ತಪ್ಪು ಅದರೊಳಗೆ ನಾವೇ ಬಿಟ್ಟ ಖಾಲಿ ಜಾಗದ್ದು. ಸೆಪ್ಸಿಸ್‌ನಲ್ಲಿ ರೋಗಾಣುವನ್ನು ಬೈಯುತ್ತೇವೆ, ಅಂಗಗಳನ್ನು ಕೆಡಿಸುವುದರಲ್ಲಿ ನಮ್ಮದೇ ದೇಹದ ಪಾಲು ದೊಡ್ಡದು.

## ತಡೆಗೋಡೆ

ಕಾಂಪೌಂಡ್ ಗೋಡೆ ಕೂಡ ತಡೆಗೋಡೆಯೇ ಅಲ್ವಾ?

ಅಲ್ಲ. ಕಾಂಪೌಂಡ್ ಗೋಡೆಯ ಎರಡೂ ಕಡೆ ನೆಲ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ತನ್ನ ಭಾರ ಹೊತ್ತುಕೊಂಡು, ಗಾಳಿ ತಡೆದುಕೊಂಡು ನಿಂತರೆ ಅದರ ಕೆಲಸ ಆಯ್ತು. ತಡೆಗೋಡೆಗೆ ಒಂದು ಕಡೆ ಮಣ್ಣು, ಇನ್ನೊಂದು ಕಡೆ ತಗ್ಗು. ಆ ಮಣ್ಣು ಹಗಲೂ ರಾತ್ರಿ ತಳ್ಳುತ್ತಲೇ ಇರುತ್ತದೆ. ಕಾಂಪೌಂಡ್ ಕಟ್ಟಿ, ಆಮೇಲೆ ಒಂದು ಬದಿಗೆ ಮಣ್ಣು ತುಂಬಿ ಅದನ್ನೇ ತಡೆಗೋಡೆ ಮಾಡಿಕೊಳ್ಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮಣ್ಣು ಎಷ್ಟು ಜೋರಾಗಿ ತಳ್ಳುತ್ತದೆ?

ಲೆಕ್ಕ ಹಾಕಿಯೇ ನೋಡೋಣ. 4 ಮೀಟರ್ ಎತ್ತರದ ಗೋಡೆ. ಹಿಂದೆ ಒಣ ಮರಳಿನಂಥ ಮಣ್ಣು, ಘನ ಮೀಟರಿಗೆ 1.8 ಟನ್ ಭಾರ. ಅದರ ಘರ್ಷಣೆಯ ಕೋನ 30 ಡಿಗ್ರಿ. ಒಣ ಮರಳನ್ನು ಸುರಿದರೆ ಗುಡ್ಡೆಯ ಬದಿ ಹೆಚ್ಚುಕಡಿಮೆ ಇದೇ ಕೋನದಲ್ಲಿ ನಿಲ್ಲುತ್ತದೆ.

ಇಂಥ ಮಣ್ಣು ಕೆಳಮುಖವಾಗಿ ಎಷ್ಟು ಒತ್ತುತ್ತದೋ ಅದರ ಮೂರನೇ ಒಂದು ಪಾಲು ಅಡ್ಡಡ್ಡ ತಳ್ಳುತ್ತದೆ. ಈ ಲೆಕ್ಕದ ದಾರಿ ಹಾಕಿದವರು ಫ್ರಾನ್ಸಿನ ಕುಲಂ, 1776ರಲ್ಲಿ. ವಿದ್ಯುತ್ತಿನ ಪಾಠದಲ್ಲಿ ಬರುವ ಅದೇ ಕುಲಂ! ಆತ ಮೊದಲು ಸೇನೆಯ ಎಂಜಿನಿಯರ್ ಆಗಿದ್ದವರು. 1857ರಲ್ಲಿ ರ‍್ಯಾಂಕಿನ್ ಇನ್ನೊಂದು ದಾರಿಯಲ್ಲಿ ಹೋಗಿ ಇದನ್ನು ಸರಳ ಮಾಡಿದರು. ಲೆಕ್ಕ ಮುಗಿಸಿದರೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ 4.8 ಟನ್ ತಳ್ಳು ಬರುತ್ತದೆ.

ಎತ್ತರ ಎರಡು ಪಟ್ಟು ಮಾಡಿದರೆ ತಳ್ಳು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಬುಡದಲ್ಲಿ ಉರುಳಿಸುವ ಶಕ್ತಿ ಎಂಟು ಪಟ್ಟು. "ಇನ್ನೊಂದೆರಡು ವರಸೆ ಏರಿಸಿಬಿಡಿ ಮೇಸ್ತ್ರಿ" ಅನ್ನುವ ಮಾತು ಎಷ್ಟು ದುಬಾರಿ ಅಂತ ಈಗ ಗೊತ್ತಾಗಿರಬೇಕು.

ಭೂಕಂಪ ಬಂದಾಗ ಇದು ಎಷ್ಟು ಜಾಸ್ತಿಯಾಗುತ್ತದೆ?

1923ರ ಸೆಪ್ಟೆಂಬರ್ 1ರಂದು ಜಪಾನಿನ ಕಾಂಟೋ ಪ್ರದೇಶದಲ್ಲಿ ದೊಡ್ಡ ಭೂಕಂಪವಾಯಿತು. ಟೋಕಿಯೋ, ಯೋಕೋಹಾಮಾ ನೆಲಸಮವಾದವು. ಆಮೇಲೆ ಅಲ್ಲಿನ ಎಂಜಿನಿಯರ್‌ಗಳು ಈ ಪ್ರಶ್ನೆಯನ್ನೇ ಹಿಡಿದು ಕೂತರು. ಒಕಾಬೆ 1926ರಲ್ಲಿ, ಮೊನೊನೋಬೆ ಮತ್ತು ಮಾತ್ಸುವೊ 1929ರಲ್ಲಿ ಉತ್ತರ ಕೊಟ್ಟರು. ಗೋಡೆಯ ಹಿಂದೆ ಜಾರಲು ಹೊರಡುವ ಮಣ್ಣಿನ ತುಂಡೊಂದನ್ನು ಕುಲಂ ಲೆಕ್ಕಕ್ಕೆ ಹಿಡಿದಿದ್ದರು, ಅದಕ್ಕೇ ಒಂದು ಅಡ್ಡ ಬಲ ಸೇರಿಸಿದರು, ಅಷ್ಟೇ. ಮೊನೊನೋಬೆ-ಒಕಾಬೆ ವಿಧಾನ ಅಂತ ಇವತ್ತಿಗೂ ಎಲ್ಲ ಕಡೆ ಬಳಕೆಯಲ್ಲಿದೆ.

ನಮ್ಮ 4 ಮೀಟರ್ ಗೋಡೆಗೆ ಹಾಕಿ ನೋಡಿ. ಅಲುಗಾಟದ ಅಡ್ಡ ಬಲ ಗುರುತ್ವದ ಐದನೇ ಒಂದು ಪಾಲು ಅಂತ ಹಿಡಿಯೋಣ. 4.8 ಟನ್ ಇದ್ದ ತಳ್ಳು ಸುಮಾರು 6.8 ಟನ್ ಆಗುತ್ತದೆ. ಶೇ. 40ರಷ್ಟು ಏರಿಕೆ.

ಆದರೆ ಕಷ್ಟ ಇರುವುದು ಎಷ್ಟು ಅನ್ನುವುದರಲ್ಲಿ ಅಲ್ಲ, ಎಲ್ಲಿ ಅನ್ನುವುದರಲ್ಲಿ. ಮಾಮೂಲಿ ತಳ್ಳು ಗೋಡೆಯ ಬುಡದಿಂದ ಮೂರನೇ ಒಂದು ಎತ್ತರದಲ್ಲಿ ಬೀಳುತ್ತದೆ. ಭೂಕಂಪ ಸೇರಿಸಿದ ಆ ಹೆಚ್ಚಿನ 2 ಟನ್ ಮಾತ್ರ ಮೇಲೆ, ಗೋಡೆಯ ಎತ್ತರದ ಸುಮಾರು 0.6 ಪಾಲಿನಲ್ಲಿ ಬೀಳುತ್ತದೆ ಅಂತ 1970ರಲ್ಲಿ ಸೀಡ್ ಮತ್ತು ವಿಟ್ಮನ್ ಹೇಳಿದರು. ಹಾರೆಯನ್ನು ಮಧ್ಯೆ ಹಿಡಿದು ಮೀಟುವುದಕ್ಕೂ ತುದಿ ಹಿಡಿದು ಮೀಟುವುದಕ್ಕೂ ಇರುವ ವ್ಯತ್ಯಾಸ ಇದು. ಹಾಗಾಗಿ ತಳ್ಳು ಶೇ. 40 ಏರಿದರೆ, ಉರುಳಿಸುವ ಶಕ್ತಿ ಶೇ. 75 ಏರುತ್ತದೆ.

ನೂರು ವರ್ಷದ ಹಳೆಯ ಸೂತ್ರವನ್ನು ಇನ್ನೂ ನಂಬಬಹುದಾ?

ನಂಬಬಹುದು, ಕಣ್ಣು ಮುಚ್ಚಿ ಅಲ್ಲ. ಅದು ಕ್ಷಣಕ್ಷಣ ಬದಲಾಗುವ ಅಲುಗಾಟವನ್ನು ಒಂದೇ ಸ್ಥಿರ ತಳ್ಳಾಗಿ ಮಾಡಿಬಿಡುತ್ತದೆ. ನಿಜದಲ್ಲಿ ಗೋಡೆ ಒಂದು ಕಡೆ ವಾಲುವ ಹೊತ್ತಿಗೆ ಮಣ್ಣು ಇನ್ನೊಂದು ಕಡೆ ಹೋಗುತ್ತಿರಬಹುದು. ಎರಡೂ ಒಂದೇ ಕ್ಷಣಕ್ಕೆ ಒಂದೇ ಕಡೆ ತಳ್ಳಬೇಕು ಅಂತೇನೂ ಇಲ್ಲ.

ಇದನ್ನು ಪರೀಕ್ಷಿಸಲು ಸೆಂಟ್ರಿಫ್ಯೂಜ್ ಬಳಸುತ್ತಾರೆ. ಪುಟ್ಟ ಗೋಡೆಯ ಮಾದರಿಯನ್ನು ದೊಡ್ಡ ತೋಳಿನ ತುದಿಗೆ ಕಟ್ಟಿ ಗಿರಗಿರ ತಿರುಗಿಸುವುದು. ಮಾದರಿ 50 ಪಟ್ಟು ಚಿಕ್ಕದಾಗಿದ್ದರೆ ಗುರುತ್ವ 50 ಪಟ್ಟು ಬರುವಷ್ಟು ವೇಗ. ಆಗ ಒಂದು ಗೇಣಿನ ಮಣ್ಣು ತಾನು ಹತ್ತು ಮೀಟರ್ ಇದ್ದೇನೆ ಅಂದುಕೊಂಡು ವರ್ತಿಸುತ್ತದೆ! ಆ ಸ್ಥಿತಿಯಲ್ಲೇ ಅದನ್ನು ಅಲುಗಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಅಲ್ ಅತೀಕ್ ಮತ್ತು ಸಿತಾರ್ ಹೀಗೆ ಪರೀಕ್ಷಿಸಿ 2010ರಲ್ಲಿ ಬರೆದದ್ದು ಇಷ್ಟು: ಹಳೆಯ ಸೂತ್ರ ತಳ್ಳನ್ನು ಜಾಸ್ತಿಯೇ ಹೇಳುತ್ತದೆ, ಆ ತಳ್ಳು ಬೀಳುವ ಜಾಗವೂ ಅಂದುಕೊಂಡದ್ದಕ್ಕಿಂತ ಕೆಳಗೇ ಇದೆ. ಅವರು ನೋಡಿದ್ದು ಒಣ ಮರಳಿನಲ್ಲಿ ಅನ್ನುವುದನ್ನು ಮರೆಯಬಾರದು. ಜೇಡಿಮಣ್ಣಿಗೆ, ಒದ್ದೆ ಮಣ್ಣಿಗೆ ಅದನ್ನೇ ಸುಮ್ನೆ ಎತ್ತಿ ಅಂಟಿಸಲು ಬರುವುದಿಲ್ಲ.

ಒಳ್ಳೆಯ ಗೋಡೆ ಒಂದಿಂಚೂ ಸರಿಯಬಾರದು ಅಲ್ವಾ?

ಸರಿಯಬಹುದು, ಸರಿಯಬೇಕು ಕೂಡ. 1965ರಲ್ಲಿ ನ್ಯೂಮಾರ್ಕ್ ಯೋಚನೆಯ ದಿಕ್ಕನ್ನೇ ಬದಲಿಸಿದರು. ಬಲ ಮಿತಿ ಮೀರಿತು ಅಂದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ, ಆ ಅರೆಕ್ಷಣದಲ್ಲಿ ಎಷ್ಟು ಜಾರಿತು ಅನ್ನುವುದನ್ನು ನೋಡಿ ಅಂದರು. 1979ರಲ್ಲಿ ರಿಚರ್ಡ್ಸ್ ಮತ್ತು ಎಲ್ಮ್ಸ್ ಅದನ್ನು ತಡೆಗೋಡೆಗೆ ತಂದರು. ಮೊದಲೇ ತೀರ್ಮಾನ ಮಾಡಿಕೊಳ್ಳುವುದು: ಈ ಗೋಡೆ ಭೂಕಂಪದಲ್ಲಿ ಇಷ್ಟು ಸೆಂಟಿಮೀಟರ್ ಸರಿದರೆ ಪರವಾಗಿಲ್ಲ. ಅದಕ್ಕೆ ತಕ್ಕ ಹಾಗೆ ಕಟ್ಟುವುದು. ಪಕ್ಕದಲ್ಲೇ ರೈಲು ಹಳಿ ಇದ್ದರೆ ಕಡಿಮೆ ಬಿಡಬೇಕು, ಖಾಲಿ ಜಾಗ ಇದ್ದರೆ ಜಾಸ್ತಿ ಬಿಡಬಹುದು.

ದಪ್ಪ ಕಟ್ಟಿಬಿಟ್ಟರೆ ಮುಗೀತಲ್ಲ?

ಅಲುಗಾಟದಲ್ಲಿ ಗೋಡೆಯ ಸ್ವಂತ ಭಾರವೂ ಗೋಡೆಯನ್ನೇ ತಳ್ಳುತ್ತದೆ. ಭಾರ ಹೆಚ್ಚಿದಷ್ಟು ಆ ತಳ್ಳೂ ಹೆಚ್ಚು. ದಪ್ಪ ಒಂದು ಉತ್ತರ, ಪೂರ್ತಿ ಉತ್ತರ ಅಲ್ಲ.

ಯಾವ ಥರದ ಗೋಡೆ ನಿಜವಾದ ಭೂಕಂಪದಲ್ಲಿ ನಿಂತಿದೆ?

1995ರ ಜನವರಿ 17ರ ಕೋಬೆ ಭೂಕಂಪ ಇದಕ್ಕೆ ಪರೀಕ್ಷಾ ಕೊಠಡಿಯಾಯಿತು. ಬರೀ ಭಾರದ ಮೇಲೆ ನಿಂತಿದ್ದ ಹಳೆಯ ಕಲ್ಲಿನ ಗೋಡೆಗಳು, ಉಕ್ಕಿಲ್ಲದ ಕಾಂಕ್ರೀಟು ಗೋಡೆಗಳು ಸಾಲಾಗಿ ಬಿದ್ದವು. ಬಂದರಿನಲ್ಲಿ ದಡದ ಉದ್ದಕ್ಕೂ ಕೂರಿಸಿದ್ದ ಕಾಂಕ್ರೀಟು ಪೆಟ್ಟಿಗೆಗಳು ಸಮುದ್ರದ ಕಡೆಗೆ ಸರಾಸರಿ 3 ಮೀಟರ್, ಕೆಲವು ಕಡೆ 5 ಮೀಟರ್ ಜಾರಿದವು. ಅಲ್ಲಿ ಕೆಳಗಿನ ಮತ್ತು ಹಿಂದಿನ ಸಡಿಲ ಒದ್ದೆ ಮರಳು ಅಲುಗಾಟಕ್ಕೆ ಗಂಜಿಯಂತೆ ತೆಳುವಾಗಿಬಿಟ್ಟಿತ್ತು.

ಅದೇ ಊರಿನ ತನಾತಾದಲ್ಲಿ ರೈಲು ಹಳಿಯ ಪಕ್ಕ ಬೇರೆ ಥರದ ಗೋಡೆ ಇತ್ತು. ಮಣ್ಣಿನ ಪದರಗಳ ನಡುವೆ ಪ್ಲಾಸ್ಟಿಕ್ ಜಾಲರಿ ಹಾಸಿ, ಮುಂದೆ ಕಾಂಕ್ರೀಟಿನ ಗಟ್ಟಿ ಮುಖ ಕೊಟ್ಟಿದ್ದು. ಅದು ಸ್ವಲ್ಪ ವಾಲಿತು, ಬೀಳಲಿಲ್ಲ. ಸುತ್ತಮುತ್ತಲಿನ ಮನೆಗಳೇ ಬಿದ್ದಿದ್ದವು. ಮಣ್ಣನ್ನೇ ಹೀಗೆ ಕಟ್ಟಿಹಾಕಿ ಬಳಸುವ ವಿದ್ಯೆಗೆ ಈಗಿನ ರೂಪ ಕೊಟ್ಟವರು ಫ್ರಾನ್ಸಿನ ಹೆನ್ರಿ ವಿಡಾಲ್, 1960ರ ದಶಕದಲ್ಲಿ. ಆಗ ಉಕ್ಕಿನ ಪಟ್ಟಿ ಹಾಕುತ್ತಿದ್ದರು. ತಳ್ಳುವವನನ್ನೇ ಹಿಡಿದು ನಿಲ್ಲಿಸಿದರೆ ತಡೆಯುವವನಿಗೆ ಕೆಲಸ ಕಡಿಮೆ, ಅಲ್ವಾ?

ಗೋಡೆಯಲ್ಲಿ ತೂತು ಬಿಡುತ್ತಾರಲ್ಲ, ಅದು ಯಾಕೆ? ನೋಡಲು ಚೆನ್ನಾಗಿರುವುದಿಲ್ಲ.

ಈ ಪ್ರಶ್ನೆಗೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ, ಕ್ಷಮಿಸಿ. ಒಮ್ಮೆ ಹೊಸ ತಡೆಗೋಡೆಯೊಂದನ್ನು ನೋಡಲು ಹೋಗಿದ್ದೆ. ಚಂದ ಕಾಣಲಿ ಅಂತ ಎಲ್ಲ ವೀಪ್ ಹೋಲ್‌ಗಳಿಗೂ (ಹಿಂದಿನ ನೀರು ಹೊರಗೆ ಹೋಗಲು ಬಿಡುವ ಈ ತೂತುಗಳಿಗೆ) ಗಾರೆ ಮೆತ್ತಿ ಬಣ್ಣ ಹೊಡೆದಿದ್ದರು. ಎರಡು ಮಳೆಗಾಲ ಕಳೆದ ಮೇಲೆ ಮತ್ತೆ ಹೋದೆ. ಗೋಡೆಯ ಹೊಟ್ಟೆ ಉಬ್ಬಿತ್ತು. ಬಣ್ಣದ ಮೇಲೆ ಬಿಳಿ ಉಪ್ಪಿನ ಗೆರೆಗಳು ಇಳಿದಿದ್ದವು. ನೀರು ತನಗೆ ಬೇಕಾದ ದಾರಿ ತಾನೇ ಹುಡುಕುತ್ತಿತ್ತು.

ಅದೇ 4 ಮೀಟರ್ ಲೆಕ್ಕಕ್ಕೆ ಬನ್ನಿ. ಒಣ ಮಣ್ಣಿದ್ದಾಗ 4.8 ಟನ್. ಭೂಕಂಪ ಸೇರಿಸಿದಾಗ 6.8 ಟನ್. ಭೂಕಂಪ ಬೇಡ, ಗೋಡೆಯ ಹಿಂದೆ ಮೇಲಿನ ತನಕ ನೀರು ತುಂಬಿತು ಅನ್ನಿ. ನೀರೊಂದೇ 8 ಟನ್ ತಳ್ಳುತ್ತದೆ, ಮುಳುಗಿದ ಮಣ್ಣಿನದ್ದು ಸುಮಾರು 2.7 ಟನ್. ಒಟ್ಟು 10.7 ಟನ್. ಸುಮ್ನೆ ನಿಂತ ನೀರು ಭೂಕಂಪಕ್ಕಿಂತ ಜಾಸ್ತಿ ತಳ್ಳುತ್ತದೆ! ಒಂದು ತೂತು, ಅದರ ಹಿಂದೆ ಒಂದಿಷ್ಟು ಜಲ್ಲಿ, ಮಣ್ಣು ಕೊಚ್ಚಿ ಬರದ ಹಾಗೆ ಒಂದು ಸೋಸುವ ಬಟ್ಟೆ. ಇಷ್ಟಕ್ಕೆ ಅರ್ಧಕ್ಕಿಂತ ಹೆಚ್ಚು ಭಾರ ಇಳಿಯುತ್ತದೆ.

## ಸಿಮೆಂಟು

ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ, ಸರಿ ತಾನೆ?

ತಪ್ಪು. ಒಣಗಿದರೆ ಕೆಡುತ್ತದೆ. ಸಿಮೆಂಟು ನೀರಿನೊಂದಿಗೆ ರಾಸಾಯನಿಕವಾಗಿ ಸೇರಿಕೊಂಡು ಗಟ್ಟಿಯಾಗುತ್ತದೆ. ಅದಕ್ಕೇ ನೀರಿನೊಳಗೂ ಗಟ್ಟಿಯಾಗುತ್ತದೆ. ದಿನಾ ನೀರು ಹಾಕಿ ಕ್ಯೂರಿಂಗ್ ಮಾಡುವುದು ತಣ್ಣಗಿರಲಿ ಅಂತ ಅಲ್ಲ, ಆ ಕ್ರಿಯೆಗೆ ನೀರು ತಪ್ಪದಿರಲಿ ಅಂತ.

ನ್ಯಾನೋ ರಚನೆ ಅಂದರೆ ಏನು? ಸಿಮೆಂಟಿನೊಳಗೆ ಏನಿದೆ?

ಸುಣ್ಣದಕಲ್ಲು ಮತ್ತು ಜೇಡಿಮಣ್ಣನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು, ಪುಡಿ ಮಾಡಿದರೆ ಸಿಮೆಂಟು. ನೀರು ಬಿದ್ದ ತಕ್ಷಣ ಅದು ಕರಗಲು ಶುರುವಾಗುತ್ತದೆ, ಕರಗಿದ್ದು ಬೇರೆ ರೂಪದಲ್ಲಿ ಮತ್ತೆ ಕೂರುತ್ತದೆ. ಹೀಗೆ ಕೂತದ್ದರಲ್ಲಿ ಮುಖ್ಯವಾದದ್ದು ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್. ಸಿಮೆಂಟಿನವರ ಬಾಯಲ್ಲಿ ಸಿ-ಎಸ್-ಎಚ್. ಗಟ್ಟಿಯಾದ ಸಿಮೆಂಟಿನ ಅರ್ಧಕ್ಕಿಂತ ಜಾಸ್ತಿ ಭಾಗ ಇದೇ. ನೀವು ಓಡಾಡುವ ಸೇತುವೆ, ಮಲಗುವ ಮನೆಯ ಸೂರು, ಎಲ್ಲವನ್ನೂ ಹಿಡಿದಿರುವ ಅಂಟು ಇದು.

ಇದರ ಕಣ ಸುಮಾರು 5 ನ್ಯಾನೋಮೀಟರ್. ಒಂದು ತಲೆಗೂದಲಿನ ಅಗಲಕ್ಕೆ ಇಂಥ ಹದಿನಾರು ಸಾವಿರ ಕಣಗಳನ್ನು ಸಾಲಾಗಿ ಜೋಡಿಸಬಹುದು. ಪ್ರತಿ ಕಣವೂ ಪದರ ಪದರ, ಪದರಗಳ ನಡುವೆ ನೀರು.

ಅಷ್ಟು ಚಿಕ್ಕದನ್ನು ಯಾರು ನೋಡಿದ್ದಾರೆ?

ಕಣ್ಣಿನಿಂದ ಅಲ್ಲ, ನ್ಯೂಟ್ರಾನಿನಿಂದ. ಗಟ್ಟಿ ಸಿಮೆಂಟಿನ ತೆಳು ಬಿಲ್ಲೆಯ ಮೂಲಕ ನ್ಯೂಟ್ರಾನ್ ಮತ್ತು ಎಕ್ಸ್-ರೇ ಹಾಯಿಸಿ, ಅವು ಹೇಗೆ ಚದುರುತ್ತವೆ ಅಂತ ಅಳೆಯುತ್ತಾರೆ. ಅಮೆರಿಕದ ಅಲೆನ್, ಥಾಮಸ್, ಜೆನ್ನಿಂಗ್ಸ್ 2007ರಲ್ಲಿ ಹೀಗೆ ಅಳೆದು ಕಣದ ಸಾಂದ್ರತೆ ಘನ ಸೆಂಟಿಮೀಟರಿಗೆ 2.604 ಗ್ರಾಂ ಅಂದರು. ಪ್ರತಿ ಒಂದು ಸಿಲಿಕಾನಿಗೆ 1.7 ಕ್ಯಾಲ್ಸಿಯಂ. 1824ರಲ್ಲಿ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ತೆಗೆದುಕೊಂಡ 183 ವರ್ಷಗಳ ಮೇಲೆ! ಅಲ್ಲಿಯವರೆಗೆ ಇದರ ಒಳಗನ್ನು ಇಷ್ಟು ನಿಖರವಾಗಿ ತಿಳಿಯದೆಯೇ ಲೋಕವೆಲ್ಲ ಕಟ್ಟಿಕೊಂಡು ಬಂದಿತ್ತು.

ಹಾಗಾದರೆ ಗಟ್ಟಿತನ ಎಲ್ಲಿಂದ ಬರುತ್ತದೆ?

ಜೋಡಣೆಯಿಂದ. ಒಂದು ಡಬ್ಬಿಗೆ ಗೋಲಿಗಳನ್ನು ಸುರಿದು ಚೆನ್ನಾಗಿ ಕುಲುಕಿ. ಡಬ್ಬಿಯ ಸುಮಾರು ಶೇ. 64 ಜಾಗ ಗೋಲಿ, ಉಳಿದದ್ದು ಖಾಲಿ. ಅದನ್ನೇ ಒಂದೊಂದಾಗಿ ಅಚ್ಚುಕಟ್ಟಾಗಿ ಪೇರಿಸಿದರೆ ಶೇ. 74 ತುಂಬುತ್ತದೆ. ಅದಕ್ಕಿಂತ ಜಾಸ್ತಿ ಆಗುವುದಿಲ್ಲ.

ವಜ್ರದ ಸೂಜಿಯಿಂದ ಗಟ್ಟಿ ಸಿಮೆಂಟನ್ನು ಅತಿ ಚಿಕ್ಕ ಜಾಗದಲ್ಲಿ ಒತ್ತಿ ನೋಡಿದಾಗ ಎರಡು ಥರದ ಸಿ-ಎಸ್-ಎಚ್ ಸಿಕ್ಕಿತು, ಒಂದು ಸಡಿಲ, ಒಂದು ಬಿಗಿ. ಅವುಗಳ ಜೋಡಣೆ ಹೆಚ್ಚುಕಡಿಮೆ ಇದೇ 64, ಇದೇ 74. ಬಿಗಿಯದ್ದು ಸಡಿಲದ್ದಕ್ಕಿಂತ ಸುಮಾರು ಮೂರನೇ ಒಂದು ಪಾಲು ಜಾಸ್ತಿ ಬಗ್ಗದ ಗುಣ ತೋರಿಸುತ್ತದೆ. ಕಣ ಅದೇ, ಪೇರಿಸಿದ ರೀತಿ ಬೇರೆ. ದಶಕಗಟ್ಟಲೆ ಭಾರ ಹೊತ್ತ ಕಾಂಕ್ರೀಟು ತೊಲೆ ಮೆಲ್ಲಗೆ ಬಾಗುವುದೂ ಈ ಕಣಗಳು ಒಂದರ ಪಕ್ಕ ಒಂದು ಜರುಗುವುದರಿಂದ ಅನ್ನುವುದು ಈಗ ಬಲವಾದ ವಾದ.

ಕಲಸುವಾಗ ಸ್ವಲ್ಪ ನೀರು ಜಾಸ್ತಿ ಹಾಕಿದರೆ ಏನಾಗುತ್ತದೆ?

50 ಕಿಲೋ ಸಿಮೆಂಟು ತೆಗೆದುಕೊಳ್ಳಿ. ಪೂರ್ತಿ ಕ್ರಿಯೆ ನಡೆದರೆ ಅದು ಸುಮಾರು 11-12 ಲೀಟರ್ ನೀರನ್ನು ತನ್ನೊಳಗೆ ಕಟ್ಟಿಕೊಳ್ಳುತ್ತದೆ. ಇನ್ನೊಂದು 9-10 ಲೀಟರ್ ಆ ನ್ಯಾನೋ ಸಂದುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಒಟ್ಟು 21 ಲೀಟರ್. ಈ ಲೆಕ್ಕ 1940ರ ದಶಕದಲ್ಲೇ ಪವರ್ಸ್ ಮತ್ತು ಬ್ರೌನ್‌ಯಾರ್ಡ್ ಹಾಕಿಟ್ಟಿದ್ದಾರೆ.

ಈಗ ಕಲಸಲು ಸುಲಭ ಅಂತ 30 ಲೀಟರ್ ಸುರಿದಿರಿ. ಮೇಲಿನ 9 ಲೀಟರಿಗೆ ಕೆಲಸವೇ ಇಲ್ಲ. ಅದು ನಿಂತ ಜಾಗ ನಿಂತ ಹಾಗೆ ಉಳಿದು, ಒಣಗಿದ ಮೇಲೆ ತೂತಾಗುತ್ತದೆ. ಆ ತೂತುಗಳಲ್ಲೇ ಉಪ್ಪು, ಗಾಳಿ, ನೀರು ನುಗ್ಗಿ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುವುದು. ನಯವಾಗಿ ಹರಿಯಬೇಕು ಅಂದರೆ ಪ್ಲಾಸ್ಟಿಸೈಸರ್ (ಕಲಸಿದ್ದನ್ನು ಸಡಿಲ ಮಾಡುವ ರಾಸಾಯನಿಕ) ಹಾಕಿ, ನೀರಲ್ಲ.

ನ್ಯಾನೋ ಸಿಲಿಕಾ ಸೇರಿಸಿದರೆ ಕಾಂಕ್ರೀಟು ಭೂಕಂಪಕ್ಕೂ ಜಗ್ಗುವುದಿಲ್ಲವೇ?

ಎರಡು ಬೇರೆ ಮಾತು ಸೇರಿಹೋಗಿವೆ. ನ್ಯಾನೋ ಸಿಲಿಕಾ, ಅಂದರೆ ಸಿಲಿಕಾದ ಅತಿ ನಯವಾದ ಪುಡಿ, ನಿಜವಾಗಿ ಕೆಲಸ ಮಾಡುತ್ತದೆ. ಹೊಸ ಸಿ-ಎಸ್-ಎಚ್ ಹುಟ್ಟಲು ಬೀಜದಂತೆ ನಿಲ್ಲುತ್ತದೆ, ಉಳಿದ ಸುಣ್ಣವನ್ನೂ ಸಿ-ಎಸ್-ಎಚ್ ಆಗಿಸುತ್ತದೆ, ಸಂದು ತುಂಬುತ್ತದೆ. ಆದರೆ ಉಂಡೆ ಕಟ್ಟದ ಹಾಗೆ ಬೆರೆಸುವುದು ಕಷ್ಟ, ನೀರೂ ಜಾಸ್ತಿ ಕೇಳುತ್ತದೆ.

ಭೂಕಂಪಕ್ಕೆ ಬೇಕಾದದ್ದು ಬರೀ ಗಟ್ಟಿತನ ಅಲ್ಲ, ಮುರಿಯದೆ ಬಾಗುವ ಗುಣ. ಕಾಂಕ್ರೀಟು ಎಳೆತಕ್ಕೆ ಬಹಳ ಮೆತ್ತಗೆ, ಒತ್ತಡ ತಾಳುವುದರ ಸುಮಾರು ಹತ್ತನೇ ಒಂದು ಪಾಲಿಗೆ ಬಿರಿಯುತ್ತದೆ. ಬಾಗುವ ಗುಣ ಬರುವುದು ಒಳಗಿನ ಕಬ್ಬಿಣದಿಂದ, ಅದನ್ನು ಕಟ್ಟಿದ ರೀತಿಯಿಂದ. ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗುಗಳನ್ನು ದೂರ ದೂರ ಹಾಕಿ, ನ್ಯಾನೋ ಪುಡಿ ಬೆರೆಸಿದರೆ ಪ್ರಯೋಜನ ಇಲ್ಲ.

ರೋಮನ್ನರ ಕಾಂಕ್ರೀಟು ಎರಡು ಸಾವಿರ ವರ್ಷ ನಿಂತಿದೆ. ನಮ್ಮದು ಯಾಕೆ ನಿಲ್ಲುವುದಿಲ್ಲ?

ಅವರದರಲ್ಲಿ ಕಬ್ಬಿಣ ಇರಲಿಲ್ಲ, ತುಕ್ಕು ಹಿಡಿಯಲು ಏನೂ ಇರಲಿಲ್ಲ. ಇದನ್ನು ಮೊದಲು ನೆನಪಿಡಿ. ಜ್ವಾಲಾಮುಖಿಯ ಬೂದಿ ಬಳಸಿದ್ದೂ ಒಂದು ಕಾರಣ. ಅದರಲ್ಲಿ ಕಾಣುವ ಬಿಳಿ ಸುಣ್ಣದ ಉಂಡೆಗಳನ್ನು ಬಹಳ ಕಾಲ ಕಳಪೆ ಕಲಸಿದ್ದರ ಗುರುತು ಅಂದುಕೊಂಡಿದ್ದರು. 2023ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಅದ್ಮಿರ್ ಮಾಸಿಚ್ ತಂಡ ಬೇರೆ ಮಾತು ಹೇಳಿತು. ಸುಡುಸುಣ್ಣವನ್ನು ಬಿಸಿಯಲ್ಲೇ ಕಲಸಿದ್ದರಿಂದ ಈ ಉಂಡೆ ಉಳಿದಿವೆ, ಬಿರುಕಿಗೆ ನೀರು ಬಂದಾಗ ಇವು ಕರಗಿ ಬಿರುಕನ್ನು ಮುಚ್ಚುತ್ತವೆ ಅಂತ. ಬಿದ್ದುಹೋದ ರೋಮನ್ ಕಟ್ಟಡಗಳೂ ಬೇಕಾದಷ್ಟಿವೆ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಸಿಮೆಂಟಿನ ಸಂಶೋಧನೆಗೆ ಈಗ ಇಷ್ಟು ಅವಸರ ಯಾಕೆ?

ಹೊಗೆಗಾಗಿ. ಮನುಷ್ಯರು ಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ. 7-8 ಸಿಮೆಂಟಿನದ್ದು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಉರುವಲಿನಿಂದ ಅಲ್ಲ, ಸುಣ್ಣದಕಲ್ಲಿನಿಂದಲೇ. ಒಲೆ ಬದಲಿಸಿದರೂ ಅದು ನಿಲ್ಲುವುದಿಲ್ಲ. ಅದಕ್ಕೇ ಸುಟ್ಟ ಜೇಡಿಮಣ್ಣು ಮತ್ತು ಸುಡದ ಸುಣ್ಣದಕಲ್ಲಿನ ಪುಡಿ ಸೇರಿಸಿ, ಅರ್ಧದಷ್ಟು ಸಿಮೆಂಟು ಉಳಿಸುವ ಎಲ್‌ಸಿ-3 ಬಂದಿದೆ. ಸ್ವಿಟ್ಜರ್ಲೆಂಡಿನ ಕ್ಯಾರೆನ್ ಸ್ಕ್ರಿವೆನರ್ ಜೊತೆ ಕ್ಯೂಬಾದವರು, ದೆಹಲಿ ಮತ್ತು ಮದ್ರಾಸ್ ಐಐಟಿಯವರು ಸೇರಿ ಮಾಡಿದ ಕೆಲಸ. ಹೊಗೆ ಶೇ. 40ರವರೆಗೆ ಇಳಿಯುತ್ತದೆ.

## ಸೆಪ್ಸಿಸ್

ಸೆಪ್ಸಿಸ್ ಅಂದರೆ ರಕ್ತಕ್ಕೆ ನಂಜೇರುವುದು ತಾನೆ?

ಆಡುಮಾತಿನಲ್ಲಿ ಹಾಗೆ ಅನ್ನುತ್ತೇವೆ. ಆದರೆ ಎಷ್ಟೋ ಸೆಪ್ಸಿಸ್ ರೋಗಿಗಳ ರಕ್ತವನ್ನು ಕಲ್ಚರಿಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ) ಹಾಕಿದರೆ ಏನೂ ಬೆಳೆಯುವುದಿಲ್ಲ. 2016ರಲ್ಲಿ ತಜ್ಞರು ಒಪ್ಪಿದ ವ್ಯಾಖ್ಯೆ ಬೇರೆ. ಸೋಂಕಿಗೆ ದೇಹ ಕೊಡುವ ಉತ್ತರ ಹಳಿ ತಪ್ಪಿ, ಅಂಗಗಳು ಕೆಟ್ಟು, ಜೀವಕ್ಕೆ ಅಪಾಯ ಬಂದರೆ ಅದು ಸೆಪ್ಸಿಸ್. ಸೋಂಕು ಶ್ವಾಸಕೋಶದ್ದಿರಬಹುದು, ಮೂತ್ರದ್ದಿರಬಹುದು, ಕಾಲಿನ ಗಾಯದ್ದಿರಬಹುದು.

ಇದು ಅಷ್ಟು ದೊಡ್ಡ ಸಮಸ್ಯೆಯೇ?

2017ರ ಒಂದೇ ವರ್ಷ ಲೋಕದಲ್ಲಿ ಸುಮಾರು 4.9 ಕೋಟಿ ಜನರಿಗೆ ಸೆಪ್ಸಿಸ್ ಬಂತು, 1.1 ಕೋಟಿ ಜನ ತೀರಿಕೊಂಡರು ಅಂತ 2020ರ ಅಂದಾಜು. ಐದು ಸಾವಿನಲ್ಲಿ ಒಂದು. ಮರಣ ಪತ್ರದಲ್ಲಿ ನ್ಯುಮೋನಿಯಾ ಅಂತಲೋ ಕಿಡ್ನಿ ವೈಫಲ್ಯ ಅಂತಲೋ ಬರೆದಿರುತ್ತದೆ, ಅದಕ್ಕೇ ಇದರ ಹೆಸರು ಹೊರಗೆ ಬರುವುದಿಲ್ಲ.

ದೇಹ ತನ್ನನ್ನೇ ಯಾಕೆ ಹೊಡೆದುಕೊಳ್ಳುತ್ತದೆ?

ಅದು ಹೊಡೆಯುವುದು ರೋಗಾಣುವಿಗೆ, ಏಟು ಮಾತ್ರ ಮನೆಗೇ ಬೀಳುತ್ತದೆ. ಕೆಲವು ಬ್ಯಾಕ್ಟೀರಿಯಾದ ಹೊರಪದರದಲ್ಲಿ ಎಂಡೋಟಾಕ್ಸಿನ್ ಅನ್ನುವ ವಸ್ತು ಇರುತ್ತದೆ. ಅದನ್ನು ಗುರುತು ಹಿಡಿಯುವ ಕಾವಲುಗಾರ ಟಿಎಲ್‌ಆರ್-4, ನಮ್ಮ ಬಿಳಿ ರಕ್ತಕಣಗಳ ಮೈಮೇಲಿದೆ. ಇದನ್ನು 1998ರಲ್ಲಿ ತೋರಿಸಿದ ಬ್ರೂಸ್ ಬ್ಯೂಟ್ಲರ್‌ಗೆ 2011ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಕಾವಲುಗಾರ ಕೂಗಿದ ತಕ್ಷಣ ಕಣಗಳು ಟಿಎನ್‌ಎಫ್, ಐಎಲ್-6 ಥರದ ಸಂದೇಶಗಳನ್ನು ಬಿಡುತ್ತವೆ. ಒಂದು ಬೆರಳಿನ ಗಾಯದಲ್ಲಿ ಇದು ಒಳ್ಳೆಯದೇ. ರಕ್ತನಾಳ ಹಿಗ್ಗಿ, ಸ್ವಲ್ಪ ಸೋರಿ, ಸೈನಿಕರು ಹೊರಗೆ ಬರಲು ದಾರಿಯಾಗುತ್ತದೆ. ಬೆರಳು ಕೆಂಪಾಗಿ ಊದಿಕೊಳ್ಳುವುದು ಅದಕ್ಕೇ. ಅದೇ ಹಿಗ್ಗುವುದು, ಸೋರುವುದು ಇಡೀ ಮೈಯಲ್ಲಿ ಒಟ್ಟಿಗೆ ನಡೆದರೆ? ಬಿಪಿ ಬಿದ್ದುಹೋಗುತ್ತದೆ. ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ತಮ್ಮದೇ ಡಿಎನ್‌ಎಯನ್ನು ಬಲೆಯಂತೆ ಎಸೆದು ರೋಗಾಣು ಹಿಡಿಯುತ್ತವೆ, ಇದು 2004ರಲ್ಲಿ ಗೊತ್ತಾದದ್ದು. ಆ ಬಲೆಗೇ ರಕ್ತ ಹೆಪ್ಪುಗಟ್ಟಿ ಸಣ್ಣ ನಾಳಗಳು ಕಟ್ಟಿಕೊಳ್ಳುತ್ತವೆ. ಕಿಡ್ನಿಗೆ, ಮಿದುಳಿಗೆ ರಕ್ತ ಸಾಲುವುದಿಲ್ಲ.

ಹಾಗಾದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸಿದರೆ ಆಯ್ತಲ್ಲ?

ಎಲ್ಲರೂ ಹಾಗೇ ಅಂದುಕೊಂಡರು. ಟಿಎನ್‌ಎಫ್ ತಡೆಯುವ ಔಷಧಿಗಳು ಸೋತವು. 2001ರಲ್ಲಿ ದೊಡ್ಡ ಭರವಸೆಯೊಂದಿಗೆ ಬಂದ ಕ್ಸಿಗ್ರಿಸ್ ಅನ್ನುವ ಸೆಪ್ಸಿಸ್ ಔಷಧಿಯನ್ನು 2011ರಲ್ಲಿ ವಾಪಸ್ ತೆಗೆದುಕೊಂಡರು. ಟಿಎಲ್‌ಆರ್-4 ಅನ್ನೇ ಮುಚ್ಚುವ ಎರಿಟೋರಾನ್ ಬಂತು. 2013ರಲ್ಲಿ ಸುಮಾರು ಎರಡು ಸಾವಿರ ರೋಗಿಗಳ ಫಲಿತಾಂಶ ಹೊರಬಂತು. ಔಷಧಿ ಪಡೆದವರಲ್ಲಿ ಶೇ. 28.1 ಸಾವು, ಪಡೆಯದವರಲ್ಲಿ ಶೇ. 26.9. ಏನೂ ಲಾಭವಿಲ್ಲ.

ಕಾರಣ ನಿಧಾನಕ್ಕೆ ಅರ್ಥವಾಯಿತು. ಐಸಿಯು ತಲುಪುವ ಹೊತ್ತಿಗೆ ಆ ಮೊದಲ ಗದ್ದಲ ಬಹಳ ಜನರಲ್ಲಿ ತಣ್ಣಗಾಗಿರುತ್ತದೆ. 2011ರ ಒಂದು ಅಧ್ಯಯನ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಸೆಪ್ಸಿಸ್‌ನಿಂದ ತೀರಿಕೊಂಡ 40 ಜನರ ಗುಲ್ಮ (ರೋಗನಿರೋಧಕ ಕಣಗಳು ತುಂಬಿರುವ ಅಂಗ) ಮತ್ತು ಶ್ವಾಸಕೋಶದ ತುಣುಕನ್ನು, ಮನೆಯವರ ಒಪ್ಪಿಗೆಯಿಂದ, ಸತ್ತ ಮೂರು ಗಂಟೆಯೊಳಗೆ ತೆಗೆದರು. ಗುಲ್ಮದ ಕಣಗಳನ್ನು ಕೆಣಕಿ ನೋಡಿದರು. ಅವು ಬಿಟ್ಟ ಸಂದೇಶ ಸೆಪ್ಸಿಸ್ ಇಲ್ಲದವರ ಕಣಗಳು ಬಿಡುವುದರ ಹತ್ತನೇ ಒಂದು ಪಾಲೂ ಇರಲಿಲ್ಲ. ಸೈನ್ಯ ಹುಚ್ಚೆದ್ದು ಸತ್ತದ್ದಲ್ಲ, ಸುಸ್ತಾಗಿ ಕೈಚೆಲ್ಲಿತ್ತು. ಅಂಥ ರೋಗಿಗೆ ಶಕ್ತಿ ತಗ್ಗಿಸುವ ಔಷಧಿ ಕೊಟ್ಟರೆ ಹೇಗಿರಬೇಡ!

ಅಂದರೆ ಈಗ ಶಕ್ತಿ ಹೆಚ್ಚಿಸುವ ಔಷಧಿ ಕೊಡುತ್ತಾರಾ?

ಪ್ರಯತ್ನ ನಡೆದಿದೆ. ರೋಗನಿರೋಧಕ ಕಣಗಳನ್ನು ಬೆಳೆಸುವ ಐಎಲ್-7 ಅನ್ನುವ ಸಂದೇಶವನ್ನು ಕೊಟ್ಟ ಒಂದು ಚಿಕ್ಕ ಪ್ರಯೋಗದಲ್ಲಿ, 2018ರಲ್ಲಿ, ಕುಸಿದಿದ್ದ ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣಗಳು ಮೂರು ನಾಲ್ಕು ಪಟ್ಟು ಏರಿದವು. ಕಣ ಏರಿದ್ದು ನಿಜ, ಸಾವು ತಗ್ಗಿದ್ದನ್ನು ತೋರಿಸುವಷ್ಟು ದೊಡ್ಡ ಪ್ರಯೋಗ ಅದಲ್ಲ. ನಿಜವಾದ ತೊಡಕು ಬೇರೆ: ಒಬ್ಬ ರೋಗಿಗೆ ಬೆಂಕಿ ಆರಿಸಬೇಕು, ಪಕ್ಕದ ಹಾಸಿಗೆಯವರಿಗೆ ಬೆಂಕಿ ಹಚ್ಚಬೇಕು. ಯಾರಿಗೆ ಯಾವುದು ಅಂತ ಬೇಗ ಹೇಳುವ ರಕ್ತಪರೀಕ್ಷೆಗಾಗಿ ಹುಡುಕಾಟ ನಡೆದಿದೆ. ನನ್ನ ಮಟ್ಟಿಗೆ ಈ ಕ್ಷೇತ್ರದ ದೊಡ್ಡ ಕೆಲಸ ಹೊಸ ಔಷಧಿಗಿಂತ ಇದೇ.

ಇಲಿಗಳಲ್ಲಿ ಗೆದ್ದ ಔಷಧಿ ಮನುಷ್ಯರಲ್ಲಿ ಯಾಕೆ ಸೋಲುತ್ತದೆ?

ಪ್ರಯೋಗದ ಇಲಿ ಎಳೆಯದು, ಆರೋಗ್ಯವಾಗಿದೆ, ಒಂದೇ ವಂಶದ್ದು, ಸೋಂಕು ತಗುಲಿದ ನಿಮಿಷವೂ ಗೊತ್ತು. ಸೆಪ್ಸಿಸ್ ರೋಗಿ ಹೆಚ್ಚಾಗಿ ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಯಾವಾಗ ಶುರುವಾಯಿತೋ ಯಾರಿಗೂ ಗೊತ್ತಿಲ್ಲ. ಮೇಲಾಗಿ ಮನುಷ್ಯರನ್ನು ಕೊಲ್ಲುವಷ್ಟು ಎಂಡೋಟಾಕ್ಸಿನ್ ಅನ್ನು ಇಲಿ ಸುಲಭವಾಗಿ ತಡೆದುಕೊಳ್ಳುತ್ತದೆ.

ಯಾವ ಲಕ್ಷಣ ಕಂಡರೆ ಓಡಬೇಕು?

ಸೋಂಕಿನ ಜೊತೆ ಇವು ಕಂಡರೆ ಕಾಯಬೇಡಿ: ನಿಮಿಷಕ್ಕೆ 22 ಅಥವಾ ಅದಕ್ಕಿಂತ ಜಾಸ್ತಿ ಉಸಿರಾಟ, ಮಾತು ತಡವರಿಸುವುದು ಅಥವಾ ಗೊಂದಲ, ಮೇಲಿನ ಬಿಪಿ 100ಕ್ಕೆ ಇಳಿಯುವುದು, ಮೂತ್ರ ಕಡಿಮೆಯಾಗುವುದು, ಕೈಕಾಲು ತಣ್ಣಗಾಗಿ ಬಣ್ಣಗೆಡುವುದು. ಜ್ವರ ಇರಲೇಬೇಕು ಅಂತಿಲ್ಲ. ವಯಸ್ಸಾದವರಲ್ಲಿ, ಹಸುಗೂಸುಗಳಲ್ಲಿ ಮೈ ತಣ್ಣಗಾಗುವುದೂ ಉಂಟು. ಆಸ್ಪತ್ರೆಯಲ್ಲಿ "ಇದು ಸೆಪ್ಸಿಸ್ ಇರಬಹುದಾ?" ಅಂತ ಬಾಯಿಬಿಟ್ಟು ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಬಿಪಿ ಬಿದ್ದ ರೋಗಿಗೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಕೊಡಿ ಅಂತ 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಹಳೆಯ ದಾಖಲೆಗಳನ್ನು ತೆಗೆದು ನೋಡಿದ 2006ರ ಒಂದು ಅಧ್ಯಯನದಲ್ಲಿ, ಅಂಥ ರೋಗಿಗಳಲ್ಲಿ ಪ್ರತಿ ಗಂಟೆಯ ತಡಕ್ಕೆ ಬದುಕುವ ಸಾಧ್ಯತೆ ಸರಾಸರಿ ಶೇ. 7.6 ಇಳಿದಿತ್ತು.

ಇಮ್ಯುನಿಟಿ ಹೆಚ್ಚಿಸುವ ಪುಡಿ, ಮಾತ್ರೆ ತೆಗೆದುಕೊಂಡರೆ ಸೆಪ್ಸಿಸ್ ಬರುವುದಿಲ್ಲವೇ?

ಇಷ್ಟು ಹೊತ್ತು ಓದಿದ ಮೇಲೂ ಈ ಪ್ರಶ್ನೆಯಾ? ಲಸಿಕೆ ಹಾಕಿಸಿಕೊಳ್ಳಿ, ಕೈ ತೊಳೆಯಿರಿ, ಗಾಯ ಕೀವಾಗಲು ಬಿಡಬೇಡಿ, ಸಕ್ಕರೆ ಹತೋಟಿಯಲ್ಲಿಡಿ.

ನವಜಾತ ಶಿಶುಗಳ ಬಗ್ಗೆ ಮಾತ್ರ ಒಂದು ಒಳ್ಳೆಯ ಸುದ್ದಿ ಇದೆ. ಒಡಿಶಾದ ಹಳ್ಳಿಗಳಲ್ಲಿ 4,556 ಶಿಶುಗಳ ಮೇಲೆ ನಡೆದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಒಂದು ವಾರ ಒಳ್ಳೆಯ ಬ್ಯಾಕ್ಟೀರಿಯಾ ಮತ್ತು ಅದಕ್ಕೆ ಬೇಕಾದ ಒಂದು ಸಕ್ಕರೆ ಕೊಟ್ಟಿದ್ದರು. ಸೆಪ್ಸಿಸ್ ಮತ್ತು ಸಾವು ಒಟ್ಟಿಗೆ ಶೇ. 40 ಇಳಿಯಿತು. ಅದು ಒಂದು ನಿರ್ದಿಷ್ಟ ತಳಿ, ಆರೋಗ್ಯವಾಗಿ ಹುಟ್ಟಿದ ಮಕ್ಕಳಿಗೆ, ಸಂಶೋಧಕರ ಕಣ್ಗಾವಲಿನಲ್ಲಿ ಕೊಟ್ಟದ್ದು. ಸಿಕ್ಕ ಡಬ್ಬಿ ತಂದು ಮಗುವಿಗೆ ಹಾಕಬೇಡಿ.

ಸೆಪ್ಸಿಸ್‌ನಿಂದ ಪಾರಾಗಿ ಮನೆಗೆ ಬಂದರೆ ಮುಗೀತಲ್ಲ?

ಬಹಳ ಜನರಿಗೆ ಮುಗಿಯುವುದಿಲ್ಲ. ಸುಸ್ತು, ನಿದ್ದೆಗೆಡುವುದು, ಮರೆವು, ಮತ್ತೆ ಮತ್ತೆ ಸೋಂಕು. ಅಮೆರಿಕದ ಹಿರಿಯರನ್ನು ನೋಡಿದ 2010ರ ಅಧ್ಯಯನದಲ್ಲಿ, ಬುದ್ಧಿಶಕ್ತಿ ಸಾಕಷ್ಟು ಕುಂದಿದವರು ಸೆಪ್ಸಿಸ್‌ಗೆ ಮೊದಲು ಶೇ. 6.1 ಇದ್ದರು, ಆಮೇಲೆ ಶೇ. 16.7. ಮನೆಯಲ್ಲಿ ಯಾರಾದರೂ ಪಾರಾಗಿ ಬಂದಿದ್ದರೆ, ಮೆಟ್ಟಿಲು ಹತ್ತಲು ಆಗುವುದಿಲ್ಲ ಅಂದಾಗ ಸೋಮಾರಿತನ ಅಂದುಕೊಳ್ಳಬೇಡಿ. ಡಿಸ್ಚಾರ್ಜ್ ಚೀಟಿಯಲ್ಲಿ ಸೆಪ್ಸಿಸ್ ಅನ್ನುವ ಪದ ಇದೆಯೇ ನೋಡಿ, ಇಲ್ಲದಿದ್ದರೆ ಬರೆಸಿಕೊಳ್ಳಿ. ಮುಂದೆ ಜ್ವರ ಬಂದು ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ತೋರಿಸಬೇಕಾದದ್ದು ಆ ಚೀಟಿಯನ್ನೇ.